ಹೆಚ್ಚಿದ ಬಳೆಗಳು

ಬಳೆ ಒಡೆಯಿತು ಎನ್ನಬಾರದು. ನಮ್ಮ ಕಡೆ ಹೆಣ್ಣುಮಕ್ಕಳು ಮಾತು ಕಲಿಯುವಾಗಲೇ ಇದನ್ನೂ ಕಲಿಯುತ್ತಾರೆ. ಕೈಯ ಬಳೆ ನೆಲದ ಮೇಲೆ ಚೂರುಚೂರಾಗಿ ಬಿದ್ದಿರಲಿ, ಗಾಜು ಚುಚ್ಚಿ ಮಣಿಕಟ್ಟಿನಲ್ಲಿ ರಕ್ತ ಬರುತ್ತಿರಲಿ, ‘ಬಳಿ ಹೆಚ್ಚಿತು’ ಎನ್ನಬೇಕು. ಒಡೆಯುವುದು ಗಂಡ ಸತ್ತವಳ ಬಳೆ. ಉಳಿದವರದು ಹೆಚ್ಚುತ್ತದೆ. ತವರಿನಲ್ಲಿ, ಅಂದರೆ ಯಲಬುರ್ಗಾದ ಮಗ್ಗುಲ ಹಳ್ಳಿಯಲ್ಲಿ, ಈ ಮಾತನ್ನು ನಾನು ವರ್ಷಕ್ಕೆ ಎರಡೋ ಮೂರೋ ಸಲ ಕೇಳುತ್ತಿದ್ದೆ. ಎಂಬತ್ತರ ದಶಕ ಶುರುವಾಗುವಾಗ ಮದುವೆಯಾಗಿ ಗಂಗಾವತಿಯ ಬಳೆಗಾರರ ಮನೆಗೆ ಬಂದೆ. ಅಲ್ಲಿ ತಿಂಗಳಿಗೆ ಎರಡು ಸಲ ಕೇಳತೊಡಗಿದೆ.

ಹೇಳುತ್ತಿದ್ದವರು ನಮ್ಮ ಅತ್ತೆ. ಮಾವನವರು ಸಂತೆಗಳಲ್ಲಿ ಬಳೆ ಅಂಗಡಿ ಹಚ್ಚುತ್ತಿದ್ದರು, ನನ್ನ ಗಂಡ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಆದರೆ ಆ ಮನೆಯ ನಿಜವಾದ ಬಳೆಗಾರ್ತಿ ಅಂದರೆ ಅತ್ತೆಯೇ. ಬಳೆಗಳನ್ನು ಹಗ್ಗಕ್ಕೆ ಪೋಣಿಸಿ ಮಾಡಿದ ದಪ್ಪ ಸರಗಳ ಹೊರೆಗೆ ಮಲಾರ ಎನ್ನುತ್ತೇವೆ. ಅದನ್ನು ಹೆಗಲ ಮೇಲೆ ಹಿಂದಕ್ಕೂ ಮುಂದಕ್ಕೂ ಇಳಿಬಿಟ್ಟುಕೊಂಡು ಅವರು ಒಂದು ದಿನ ಸಿದ್ದಾಪುರದ ಕಡೆ, ಒಂದು ದಿನ ಆನೆಗೊಂದಿಯ ಕಡೆ, ನಡುವೆ ಕಾಲುವೆ ಗುಂಟ ಭತ್ತ ಬೆಳೆಯಲು ಬಂದು ನೆಲೆಸಿದ ಆಂಧ್ರದವರ ಕ್ಯಾಂಪುಗಳ ಕಡೆ ತಿರುಗುತ್ತಿದ್ದರು. ವಯಸ್ಸು ಐವತ್ತೆರಡೋ ಐವತ್ಮೂರೋ. ಹುಟ್ಟಿದ ದಿನ ಬಿತ್ತನೆ ನಡೆದಿತ್ತು ಅನ್ನುವುದೊಂದೇ ಅವರ ಹತ್ತಿರ ಇದ್ದ ದಾಖಲೆ.

ಅವರು ಕೈ ಹಿಡಿಯುವುದನ್ನು ನೋಡಬೇಕಿತ್ತು. ಹೆಂಗಸಿನ ಕೈಯನ್ನು ಕೇಳಿ ತೆಗೆದುಕೊಳ್ಳುತ್ತಿರಲಿಲ್ಲ, ತಮ್ಮದೇ ಸಾಮಾನು ಎನ್ನುವ ಹಾಗೆ ಎಳೆದುಕೊಳ್ಳುತ್ತಿದ್ದರು. ಹೆಬ್ಬೆರಳ ಬುಡ ಒತ್ತಿ, ಬೆರಳುಗಳನ್ನು ಒಟ್ಟುಗೂಡಿಸಿ, ಒಂದು ಸುಳ್ಳು ಸುದ್ದಿ ಹೇಳಿ ನಗಿಸಿ, ಅವಳು ನಗುತ್ತಿದ್ದಂತೆ ಬಳೆ ಏರಿಸಿಬಿಡುತ್ತಿದ್ದರು. ಕೈ ಮುಟ್ಟಿದರೆ ಸಾಕು, ಇವಳಿಗೆ ಜ್ವರ ಬಂದು ಹೋಗಿದೆ, ಇವಳು ಬಸುರಿ, ಇವಳು ನಿನ್ನೆ ಅತ್ತಿದ್ದಾಳೆ ಎಂದು ಹೇಳುತ್ತಿದ್ದರು. ಇಡೀ ತಾಲೂಕಿನ ಕೈ ಹಿಡಿದವರು ಅವರು. ಅವರ ಕೈಯನ್ನು ಹಿಡಿದವರು ಯಾರೂ ಇರಲಿಲ್ಲ, ಯಾಕೆಂದರೆ ಬಳೆಗಾರ್ತಿ ತನ್ನ ಬಳೆಯನ್ನು ತಾನೇ ತೊಟ್ಟುಕೊಳ್ಳುತ್ತಾಳೆ.

ಸಂಜೆ ಬಂದು ಮಲಾರ ಇಳಿಸುವಾಗ ಹೇಳುತ್ತಿದ್ದರು: “ಇವತ್ತ ಒಂದಷ್ಟು ಹೆಚ್ಚಿದ್ವು.”

“ಹೌದಾ?” ಎಂದು ಮಾವ ಬೀಡಿ ಹಚ್ಚುತ್ತಿದ್ದರು. ಅಷ್ಟೇ. ಬಳೆ ಒಡೆಯಿತು ಅಂದಿದ್ದರೆ ಯಾರಾದರೂ ‘ಹೆಂಗ ಒಡೀತು?’ ಅಂತ ಕೇಳುತ್ತಿದ್ದರು. ಹೆಚ್ಚಿದ್ದನ್ನು ಯಾರು ಹೆಂಗ ಅಂತ ಕೇಳುತ್ತಾರೆ? ಅದು ಶುಭದ ಮಾತು, ಕೇಳುವವರ ಬಾಯಿ ಕಟ್ಟುತ್ತದೆ. ನಾನೂ ಕೇಳಲಿಲ್ಲ. ಏಳನೇ ಇಯತ್ತೆ ಪಾಸಾದವಳೆಂಬ ಜಂಬ ಇತ್ತು ನನಗೆ, ಆದರೆ ಇದು ತಲೆಗೆ ಹೊಳೆಯಲಿಲ್ಲ.

ಇನ್ನೊಂದು ಮಾತೂ ನಮ್ಮ ಕಣ್ಣು ಕಟ್ಟಿತ್ತು. ಅತ್ತೆ ಕುಷ್ಟಗಿ ಕಡೆಯ ಎರೆ ಹೊಲದ ಮಗಳು, ಹುಟ್ಟಾ ಕಪ್ಪು. ನನ್ನ ಮದುವೆಯ ಮುಂದಿನ ವರ್ಷ ತವರಿಗೆ ಅವರನ್ನು ಕರೆದುಕೊಂಡು ಹೋದಾಗ ನಮ್ಮವ್ವ ಅವರ ಮುಖ ನೋಡಿ ಬೆರಗಾದಳು. “ಎಷ್ಟ ಬೆಳ್ಳಗ ಆಗೀರಿ ಬೀಗತಿ! ಕಾಲುವಿ ನೀರು ಹತ್ತೇತಿ ನೋಡ್ರಿ ನಿಮಗ!” ಅಂದಳು. ನೀರಾವರಿಯ ನಾಡು, ಭತ್ತದ ಅನ್ನ, ಸುಖದ ಬಣ್ಣ ಎಂದು ಓಣಿಯವರೆಲ್ಲ ಬಂದು ನೋಡಿ ಹೋದರು. ಅತ್ತೆ ನಾಚಿಕೊಂಡರು. ಊರಿಗೆ ಮರಳಿದ ಮೇಲೆ ಕನ್ನಡಿಯ ಮುಂದೆ ಎರಡು ನಿಮಿಷ ಜಾಸ್ತಿ ನಿಲ್ಲತೊಡಗಿದರು. ಬೆಳ್ಳಗಾದವರು ಮೂರು ಮೆಟ್ಟಿಲು ಹತ್ತಿ ಯಾಕೆ ಗೋಡೆ ಹಿಡಿಯುತ್ತಾರೆ, ಸೆರಗಿನ ಗಂಟಿನಲ್ಲಿ ಹಸಿ ಅಕ್ಕಿ ಕಟ್ಟಿಕೊಂಡು ದಿನವಿಡೀ ಕಟಕಟ ಯಾಕೆ ಜಗಿಯುತ್ತಾರೆ ಎಂದು ನಾವು ಯೋಚಿಸಲಿಲ್ಲ. ಭತ್ತದ ನಾಡಿನಲ್ಲಿ ಹಸಿ ಅಕ್ಕಿ ತಿನ್ನುವ ಹೆಂಗಸರು ಮನೆಗೊಬ್ಬರಿದ್ದರು.

ಸಿದ್ದಾಪುರದಲ್ಲಿ ಒಂದು ದೊಡ್ಡ ಮನೆ. ಆ ಮನೆಯ ಗೌಡತಿಗೆ ಮದುವೆಯ ಹಸಿರು ಬಳೆ ಇಟ್ಟವರು ನಮ್ಮ ಅತ್ತೆ. ಈಗ ಗೌಡತಿಯ ಮಗಳ ಲಗ್ನ. ಬಳೆ ಇಡುವ ಶಾಸ್ತ್ರಕ್ಕೆ ಕರೆ ಬಂತು. ಹೊರೆ ಜಾಸ್ತಿ ಎಂದು ಮಾವ ನನ್ನನ್ನೂ ಜೊತೆಗೆ ಕಳಿಸಿದರು. ಬಸ್ಸಿಳಿದು ಅರ್ಧ ಹರದಾರಿ ನಡೆಯಬೇಕು. ಅಷ್ಟರಲ್ಲಿ ಅತ್ತೆ ಮೂರು ಸಲ ಕೂತರು.

“ಯಾಕ್ರಿ ಅತ್ತಿ?”

“ಸರ ಸಡಲ ಆಗ್ಯಾವ. ಬಿಗಿ ಮಾಡ್ಕೊಂತೀನಿ.”

ಸರ ಬಿಗಿಯಾಗಿಯೇ ಇದ್ದವು. ಅವರ ಎದೆ ಏರಿಳಿಯುವುದು ಕಾಣುತ್ತಿತ್ತು. ಬಿಸಿಲು ಎಂದುಕೊಂಡೆ.

ಗೌಡತಿಯ ಮನೆಗೆ ಐದು ಕಲ್ಲಿನ ಮೆಟ್ಟಿಲು. ಮೇಲೆ ಪಡಸಾಲೆಯಲ್ಲಿ ಹೆಂಗಸರು ತುಂಬಿದ್ದರು, ನಡುವೆ ಅರಿಷಿಣ ಮೆತ್ತಿಕೊಂಡ ಮದುಮಗಳು. ಅತ್ತೆ ನಗುತ್ತ ಹತ್ತಿದರು. ನಾಲ್ಕನೇ ಮೆಟ್ಟಿಲಲ್ಲಿ ಅವರ ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಕಾಲು ಜಾರಲಿಲ್ಲ, ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಮೆಟ್ಟಿಲು ಒಣಗಿತ್ತು. ಅವರ ಮೊಣಕಾಲೇ ಮಡಚಿಕೊಂಡವು. ಮೊದಲು ಕೂತರು, ಆಮೇಲೆ ಮಗ್ಗುಲಾಗಿ ಉರುಳಿದರು, ಮಲಾರ ಕಲ್ಲಿಗೆ ಬಡಿಯಿತು. ನೂರಾರು ಗಾಜು ಒಂದೇ ಸಲ ಸದ್ದು ಮಾಡಿದವು.

ಪಡಸಾಲೆಯ ಹೆಂಗಸರೆಲ್ಲ ಒಟ್ಟಿಗೆ ಶುರು ಮಾಡಿದರು: “ಹೆಚ್ಚಿದ್ವು, ಹೆಚ್ಚಿದ್ವು, ಶಿವಾ, ಹೆಚ್ಚಿದ್ವು!” ಲಗ್ನದ ಹಸಿರು ಬಳೆ, ಮದುಮಗಳ ಮುಂದೆಯೇ. ಗೌಡತಿ ಓಡಿ ಬಂದಳು. ಬಂದು ಬಗ್ಗಿದ್ದು ಬಳೆಗೆ. ಉಳಿದ ಸರಗಳನ್ನು ಎತ್ತಿದಳು, ಚೂರು ಆರಿಸಿದಳು. ಅತ್ತೆ ಕೆಳಗಿನ ಮೆಟ್ಟಿಲಲ್ಲಿ ಕಣ್ಣು ತೇಲಿಸಿಕೊಂಡು ಬಿದ್ದಿದ್ದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ಬಳಿ ಬಿದ್ದಿಲ್ರಿ! ನಮ್ಮ ಅತ್ತಿ ಬಿದ್ದಾರ! ಯಾರರ ಒಂದ್ ತಂಬಿಗಿ ನೀರ ಕೊಡ್ರಿ!” ಎಂದು ಕೂಗಿದೆ. ಹೊಸ ಸೊಸೆ ಪರರ ಮನೆಯಲ್ಲಿ ಹಾಗೆ ಕೂಗಬಾರದು. ಕೂಗಿದ್ದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ.

ಅವತ್ತು ಮೊದಲ ಸಲ ಅತ್ತೆಯ ಕೈ ಹಿಡಿದೆ. ಬಿಸಿಲಲ್ಲಿ ನಡೆದು ಬಂದ ಕೈ ತಣ್ಣಗಿತ್ತು. ಉಗುರುಗಳು ಚಪ್ಪಟೆಯಾಗಿ, ನಡುವೆ ತಗ್ಗು ಬಿದ್ದು, ಅವಲಕ್ಕಿಯ ಹಾಗೆ ಬೆಳ್ಳಗಿದ್ದವು. ಬಲ ಮಣಿಕಟ್ಟು ಅಲ್ಲೇ ಊದತೊಡಗಿತ್ತು. ನೀರು ಕುಡಿದು ಎದ್ದು ಕೂತ ಅವರಿಗೆ ಗೌಡತಿ ಮೆತ್ತಗಿನ ದನಿಯಲ್ಲಿ ಹೇಳಿದಳು: “ಬೇಸರ ಮಾಡ್ಕೋಬ್ಯಾಡ್ರಿ. ಈ ಲಗ್ನಕ್ಕ ಬ್ಯಾರೇರಿಗೆ ಹೇಳ್ತೀವಿ. ನಿಮಗೂ ಈಗ ಆಗೂದಿಲ್ಲ.”

ಅತ್ತೆ ತಲೆಯಾಡಿಸಿದರು. ಇಪ್ಪತ್ತೈದು ವರ್ಷ ಆ ಮೆಟ್ಟಿಲು ಹತ್ತಿದವರು ಅವರು. ಅವತ್ತು ಇಳಿಯುವಾಗ ನನ್ನ ಹೆಗಲು ಹಿಡಿದರು.

ಬಸ್ ಸ್ಟಾಪಿನಲ್ಲಿ ಬೇವಿನ ಗಿಡದ ಕೆಳಗೆ ಕೂತು ಹೇಳಿದರು: “ಮನ್ಯಾಗ ಹೆಚ್ಚಿದ್ವು ಅನ್ನು. ಅಷ್ಟ ಸಾಕು.”

ಆಗ ನನ್ನ ತಲೆಗೆ ಹತ್ತಿತು. “ಅತ್ತಿ, ಇಷ್ಟು ದಿನ ಹೆಚ್ಚಿದ್ವು ಹೆಚ್ಚಿದ್ವು ಅಂತಿದ್ರಲ್ಲ, ಎಷ್ಟ ಸಲ ಬಿದ್ದೀರಿ?”

ಅವರು ಬಸ್ಸು ಬರುವ ದಾರಿ ನೋಡಿದರು. “ಕ್ಯಾಂಪಿನ ಬದುವಿನ ಮ್ಯಾಲೆ ಮೂರು ಸಲ. ಬಸ್ ಹತ್ತೂವಾಗ ಎರಡು. ಜಳಕದ ಮನ್ಯಾಗೊಮ್ಮೆ. ಹರಿಗೋಲು ಇಳಿಯೂವಾಗ… ಅದು ಬಿದ್ದಿದ್ದಲ್ಲ, ಕುಂತಿದ್ದು.” ಅಲ್ಲಿಗೆ ನಿಲ್ಲಿಸಿ, “ನನಗ ವಯಸ್ಸಾತು ಅಂತ ಯಾರಿಗೂ ಗೊತ್ತಾಗಬಾರದವಾ. ಗೊತ್ತಾದ್ರ ಕುಂದ್ರಸ್ತಾರ,” ಅಂದರು. ಅಷ್ಟು ಗಟ್ಟಿ ಹೆಂಗಸಿನ ಕಣ್ಣಲ್ಲಿ ನಾನು ಅಂಥ ಹೆದರಿಕೆ ನೋಡಿದ್ದು ಅದೇ ಮೊದಲು.

ಕೂರಿಸಿಯೇಬಿಟ್ಟರು. ಮಣಿಕಟ್ಟಿನ ಬಾವು ಮುಚ್ಚಿಡಲು ಆಗಲಿಲ್ಲ. ನನ್ನ ಗಂಡ ಬಹಳ ಮೆತ್ತಗಿನ ಮನುಷ್ಯ, ಆದರೆ ಮೆತ್ತಗಿನವರು ಹಟ ಹಿಡಿದರೆ ಕದಲುವುದಿಲ್ಲ. “ಸಾಕವ್ವ. ದುಡದದ್ದು ಸಾಕು. ವಯಸ್ಸಾಗೇತಿ, ಮನ್ಯಾಗಿರು,” ಅಂದರು. ಮಾವ ಮಲಾರವನ್ನು ಗೋಡೆಯ ಗೂಟಕ್ಕೆ ತೂಗುಹಾಕಿ, ಮುಂದಿನ ತಿಂಗಳು ಸುತ್ತಾಟಕ್ಕೆ ತಮ್ಮನ ಮಗನನ್ನು ಹಾಕುತ್ತೇನೆ ಎಂದರು. ಎಲ್ಲರೂ ಪ್ರೀತಿಯಿಂದಲೇ ಹೇಳಿದರು. ಬೈದಿದ್ದರೆ ಅತ್ತೆ ತಿರುಗಿ ಬೈಯುತ್ತಿದ್ದರು, ಪ್ರೀತಿಗೆ ಉತ್ತರ ಕೊಡುವುದು ಅವರಿಗೆ ಗೊತ್ತಿರಲಿಲ್ಲ. ಎಂಟು ದಿನ ಗೋಡೆಗೆ ಮುಖ ಮಾಡಿ ಕೂತರು. ಓಣಿಯ ಹೆಂಗಸರು ಬಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಕಣ್ಣಾಗೇತಿ ಅಂದಳೊಬ್ಬಳು, ಗಾಳಿ ಸೋಕೇತಿ ಅಂದಳು ಇನ್ನೊಬ್ಬಳು, ಮುಪ್ಪಿನಾಗ ಬೀಳೂದ ಅಂದಳು ಮತ್ತೊಬ್ಬಳು. ಆ ಕೊನೆಯವಳನ್ನು ನಾನು ಚಹಾ ಕೊಡದೆ ಕಳಿಸಿದೆ.

ನನಗೆ ತಿಳಿಯದೇ ಇದ್ದದ್ದು ಇಷ್ಟೇ: ಮುಪ್ಪು ಅಂದರೆ ಕೂದಲು ನೆರೆಯಬೇಕು, ಬೆನ್ನು ಬಾಗಬೇಕು. ಅತ್ತೆಯ ತಲೆ ಕರ್ರಗಿತ್ತು, ಬೆನ್ನು ನೆಟ್ಟಗಿತ್ತು. ಮುಪ್ಪು ಒಂದು ಮೊಣಕಾಲಿಗೆ ಮಾತ್ರ ಬರುತ್ತದೆಯೇ?

ದವಾಖಾನೆ ಅಂದರೆ ಅವರು ಬರುತ್ತಿರಲಿಲ್ಲ. ಅದಕ್ಕೆ ನನಗೇ ಹೊಟ್ಟೆನೋವು ಎಂದು ಸುಳ್ಳು ಹೇಳಿದೆ. ಚಾಪೆಯ ಮೇಲೆ ಹೊರಳಾಡಿ ತೋರಿಸಿದೆ. “ಒಬ್ಬಾಕಿ ಹೆಂಗ ಹೋಗ್ಲಿ ಅತ್ತಿ?” ಅಂದ ಮೇಲೆ ತಲೆಯನ್ನೂ ಬಾಚದೆ ಹೊರಟು ನಿಂತರು.

ಆಗ ಊರಿನ ಸರಕಾರಿ ದವಾಖಾನೆಯಲ್ಲಿ ಕರಾವಳಿಯಿಂದ ಬಂದ ಒಬ್ಬ ಡಾಕ್ಟರಮ್ಮ ಇದ್ದರು. ನನ್ನ ಸುಳ್ಳು ಎರಡು ನಿಮಿಷ ನಡೆಯಿತು. ಆಮೇಲೆ ನಾನು ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ, “ಇವರನ್ನ ನೋಡ್ರಿ, ಬೀಳ್ತಾರ,” ಅಂದೆ. ಅತ್ತೆ ನನ್ನನ್ನು ಸುಡುವ ಹಾಗೆ ನೋಡಿದರು.

“ಎಷ್ಟು ಸಲ ಬಿದ್ದಿದ್ದೀರಿ ಅಮ್ಮ?” ಡಾಕ್ಟರಮ್ಮ ಕೇಳಿದರು.

“ನಾ ಎಲ್ಲಿ ಬಿದ್ದೀನ್ರಿ? ಬಳಿ ಹೆಚ್ಚ್ಯಾವ ಅಷ್ಟ.”

“ಬಳೆ ಹೆಚ್ಚಾದರೆ ಒಳ್ಳೆಯದೇ ಅಲ್ವಾ?”

ಪಕ್ಕದಲ್ಲಿದ್ದ ನರ್ಸಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ನಕ್ಕು, ನಮ್ಮ ಕಡೆ ಹೆಚ್ಚುವುದು ಅಂದರೆ ಏನು ಎಂದು ಬಿಡಿಸಿ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅತ್ತೆಯ ಕೆಳಗಿನ ರೆಪ್ಪೆ ಎಳೆದು ನೋಡಿದರು, ನಾಲಿಗೆ ನೋಡಿದರು, ಉಗುರು ನೋಡಿದರು. ಏನು ತಿನ್ನುತ್ತೀರಿ, ಯಾವಾಗ ತಿನ್ನುತ್ತೀರಿ, ಮಣ್ಣು ಗಿಣ್ಣು ಜಗಿಯುತ್ತೀರಾ ಎಂದು ಕೇಳಿದರು. ಸೆರಗಿನ ಗಂಟಿನಿಂದ ಅಕ್ಕಿಕಾಳು ಉದುರಿದ್ದು ನೋಡಿ ಅವರೇ ಉತ್ತರ ತಿಳಿದುಕೊಂಡರು. ರಕ್ತ ತಪಾಸಣೆಗೆ ಚೀಟಿ ಬರೆದರು.

ರಕ್ತ ತಪಾಸಣೆಯ ಕೋಣೆಯಲ್ಲಿ ನಡೆದದ್ದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ರಕ್ತ ಪರೀಕ್ಷೆ ಮಾಡುವವನು ಒಬ್ಬ ಒಳ್ಳೆಯ ಸ್ವಭಾವದ ಮನುಷ್ಯ. ಬೆರಳಿಗೆ ಸೂಜಿ ಚುಚ್ಚಿ, ಒಂದಿಷ್ಟು ರಕ್ತ ಹೀರಿ, ಗೆರೆಗಳಿದ್ದ ಸಣ್ಣ ಗಾಜಿನ ನಳಿಕೆಗೆ ಬಿಟ್ಟ. ಅದರಲ್ಲಿದ್ದ ಔಷಧಿಗೆ ಸೇರಿ ರಕ್ತ ಕಂದಾಯಿತು. ನಳಿಕೆಯ ಎರಡೂ ಮಗ್ಗುಲಲ್ಲಿ ಕಂದು ಬಣ್ಣದ ಗಾಜಿನ ಕಡ್ಡಿಗಳು. ನಳಿಕೆಗೆ ಹನಿಹನಿ ನೀರು ಹಾಕಿ ತಿಳಿ ಮಾಡುತ್ತ ಹೋಗಬೇಕು. ಒಳಗಿನ ಬಣ್ಣ ಆ ಕಡ್ಡಿಗಳ ಬಣ್ಣಕ್ಕೆ ಕೂಡಿದಾಗ ನಿಲ್ಲಿಸಿ ಗೆರೆ ಓದಬೇಕು. ರಕ್ತ ಗಟ್ಟಿ ಇದ್ದಷ್ಟೂ ನೀರು ಹೆಚ್ಚು ಹಿಡಿಸುತ್ತದೆ, ಗೆರೆ ಮೇಲಕ್ಕೆ ಹೋಗುತ್ತದೆ. ಅವನು ಇದನ್ನು ಹೇಳುತ್ತ ನಾಲ್ಕೈದು ಹನಿ ಹಾಕಿದ.

ಅತ್ತೆ ಬೆರಳಿನ ನೋವು ಮರೆತು ಮುಂದೆ ಬಗ್ಗಿದ್ದರು. ಗಾಜು, ಬಣ್ಣ, ಬಣ್ಣಕ್ಕೆ ಬಣ್ಣ ಕೂಡಿಸುವುದು. ಅದು ಅವರ ಕಸುಬು. ನವಿಲುಬಣ್ಣದಲ್ಲೇ ಏಳು ಬಗೆ ಹೇಳುತ್ತಿದ್ದವರು ಅವರು.

“ನಿಲ್ಲಸ್ರಿ,” ಅಂದರು.

“ಇರ್ರಿ ಅಮ್ಮಾರ, ಇನ್ನೊಂದು ಹನಿ ಹಿಡೀತೈತಿ,” ಅಂದ ಅವನು. ಗೆರೆ ಅಷ್ಟು ಕೆಳಗೆ ನಿಲ್ಲುವುದು ಅವನಿಗೂ ಇಷ್ಟವಿರಲಿಲ್ಲ ಅನ್ನಿಸುತ್ತದೆ.

“ಕೂಡೇತ್ರಿ. ಇನ್ನ ಹಾಕಿದ್ರ ಬಣ್ಣ ಸುಳ್ಳ ಹೇಳ್ತೈತಿ. ಬೆಳಕಿಗೆ ಹಿಡದು ನೋಡ್ರಿ.”

ಅವನು ನಳಿಕೆಯನ್ನು ಕಿಟಕಿಗೆ ಹಿಡಿದ. ಆ ಕಡೆ ಈ ಕಡೆ ತಿರುಗಿಸಿದ. ಆಮೇಲೆ ಅತ್ತೆಯ ಮುಖ ನೋಡಿದ. “ನಿಮ್ಮ ಕಣ್ಣು ಖರೇ ಐತ್ರಿ,” ಅಂದ. ಆರಕ್ಕಿಂತ ಒಂದು ಕೂದಲೆಳೆ ಮೇಲೆ ನಿಂತಿತ್ತು. ತಮ್ಮ ವಿರುದ್ಧವೇ ಸಾಕ್ಷಿ ಹೇಳಿ ಅತ್ತೆ ಸೆರಗು ಸರಿಮಾಡಿಕೊಂಡರು. ಹೊಟ್ಟೆಯಲ್ಲಿ ಜಂತು ಇರುವುದೂ ಅವತ್ತೇ ಇನ್ನೊಂದು ತಪಾಸಣೆಯಲ್ಲಿ ಗೊತ್ತಾಯಿತು.

ಡಾಕ್ಟರಮ್ಮ ಚೀಟಿ ಓದಿ ಹೇಳಿದರು. “ಇದರ ಎರಡರಷ್ಟು ಇರಬೇಕಿತ್ತು. ದೇಹದಲ್ಲಿ ರಕ್ತ ಕಡಿಮೆ ಇದ್ದರೆ ಎದ್ದು ನಿಂತಾಗ ತಲೆಗೆ ಸಾಲುವುದಿಲ್ಲ, ಕಾಲಿಗೂ ಸಾಲುವುದಿಲ್ಲ. ತಲೆ ತಿರುಗುತ್ತದೆ, ಬೀಳುತ್ತೀರಿ. ಬರಿಗಾಲಲ್ಲಿ ಗದ್ದೆ ಬದುವಿನ ಕೆಸರು ತುಳಿದು ಜಂತು ಹತ್ತಿದೆ, ಅದು ಒಳಗಿಂದ ರಕ್ತ ಹೀರುತ್ತಾ ಇದೆ. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಳಿದದ್ದು ಉಣ್ಣುತ್ತೀರಿ. ಉಂಡ ಮೇಲೆ ಚಹಾ ಕುಡಿದು ಉಂಡದ್ದರ ಸತ್ವವನ್ನೂ ಕಳೆದುಕೊಳ್ಳುತ್ತೀರಿ. ನೀವು ವಯಸ್ಸಾಗಿ ಬೀಳುತ್ತಾ ಇಲ್ಲ ಅಮ್ಮ. ರಕ್ತ ಇಲ್ಲದೆ ಬೀಳುತ್ತಾ ಇದ್ದೀರಿ.”

ಅತ್ತೆ ಒಂದೇ ಪ್ರಶ್ನೆ ಕೇಳಿದರು. “ಅಂದ್ರ ನಾ ಮುದುಕಿ ಆಗಿಲ್ಲೇನ್ರಿ?”

“ಎಲ್ಲಿಯ ಮುದುಕಿ!”

“ಮತ್ತ ನಡೀಬಹುದು?”

“ರಕ್ತ ತುಂಬಲಿ. ಆಮೇಲೆ ಎಷ್ಟು ಬೇಕಾದರೂ ನಡೆಯಿರಿ.”

ಎಂಟು ದಿನದ ಮೇಲೆ ಅತ್ತೆ ಅವತ್ತು ನಕ್ಕರು. ದೊಡ್ಡ ಕಾಯಿಲೆ ಇದೆ ಎಂದು ಕೇಳಿ ಯಾರಾದರೂ ಅಷ್ಟು ಖುಷಿಪಟ್ಟದ್ದನ್ನು ನಾನು ಕಂಡಿಲ್ಲ. ದವಾಖಾನೆಯಿಂದ ಮನೆಯವರೆಗೆ ಸಿಕ್ಕಸಿಕ್ಕವರನ್ನು ನಿಲ್ಲಿಸಿ, “ನನಗ ವಯಸ್ಸಾಗಿಲ್ಲಂತ, ಬರೇ ರಕ್ತ ಇಲ್ಲಂತ!” ಎಂದು ಸಾರಿದರು. ಕೇಳಿದವರು ನನ್ನ ಮುಖ ನೋಡಿದರು.

ಖುಷಿ ಹನ್ನೆರಡು ದಿನ ಇತ್ತು. ಜಂತಿನ ಗುಳಿಗೆ ಒಂದೇ ಸಲಕ್ಕೆ ಮುಗಿಯಿತು. ಆದರೆ ಕಬ್ಬಿಣದ ಗುಳಿಗೆ ದಿನಾ ನುಂಗಬೇಕು, ಅದೂ ತಿಂಗಳುಗಟ್ಟಲೆ. ಹೊಟ್ಟೆ ತೊಳಸುತ್ತದೆ, ಮಲಬದ್ಧತೆ, ಬಹಿರ್ದೆಸೆಗೆ ಹೋದರೆ ಕರ್ರಗೆ. “ಕರಳು ಸುಟ್ಟು ಹೊಂಟೈತಿ,” ಎಂದು ಅತ್ತೆ ಗಾಬರಿಯಾದರು. ಹಾಗಾಗುವುದು ಸಹಜ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು, ಇವರಿಗೆ ಅದು ಕೇಳಿಸಿರಲಿಲ್ಲ. ಒಂದು ದಿನ ಬಟ್ಟೆ ಒಗೆಯುವಾಗ ಅವರ ಸೀರೆಯ ಸೆರಗಿನ ಗಂಟು ಬಿಚ್ಚಿದೆ. ಹಸಿ ಅಕ್ಕಿಯ ಬದಲು ಗುಳಿಗೆಗಳಿದ್ದವು. ನುಂಗಿದೆ ನುಂಗಿದೆ ಎಂದು ನನ್ನ ಮುಂದೆ ಗಟಗಟ ನೀರು ಕುಡಿದದ್ದೆಲ್ಲ ನಾಟಕ.

ಒದ್ದೆ ಸೀರೆ ಹಿಡಿದುಕೊಂಡೇ ಅಂಗಳಕ್ಕೆ ಬಂದೆ. “ಏನಿದು?”

“ಕೇಳಾಕ ನೀ ಏನು ನನ್ನ ಅತ್ತಿ ಏನು?”

“ಹೌದ್ರಿ! ಇವತ್ತಿಂದ ಮೂರು ತಿಂಗಳು ನಾನ ಅತ್ತಿ, ನೀವ ಸೊಸಿ. ಬಾಯಿ ತೆಗೀರಿ!”

ಮಾವನವರ ಕೈಯ ಬೀಡಿ ಕೆಳಗೆ ಬಿತ್ತು. ಅತ್ತೆ ಬಯ್ಯಬಹುದಿತ್ತು, ಹೊಡೆಯಲೂಬಹುದಿತ್ತು, ನಮ್ಮ ಕಾಲ ಅಂಥದ್ದು. “ಬಾಯಿ ಭಾಳ ಆತು ನಿಂದು,” ಅಂದರು. ಅಂದು ಬಾಯಿ ತೆಗೆದರು.

ಆ ಮೂರು ತಿಂಗಳು ನಾನು ಆಳಿದೆ, ಬೇರೆ ಪದವಿಲ್ಲ. ಗಂಡಸರ ಜೊತೆಗೇ ಅತ್ತೆಯ ತಾಟು ಇಡತೊಡಗಿದೆ. ಮೊದಲ ದಿನ ಮನೆಯಲ್ಲಿ ಯಾರ ಗಂಟಲಲ್ಲೂ ತುತ್ತು ಇಳಿಯಲಿಲ್ಲ, ಮೂರನೇ ದಿನಕ್ಕೆ ಅದೇ ರೂಢಿಯಾಯಿತು. ಪುಂಡಿ ಸೊಪ್ಪಿನ ಪಲ್ಯದ ಗಟ್ಟಿಯೆಲ್ಲ ಅವರ ತಾಟಿಗೆ, ಮೇಲೆ ನಿಂಬೆಹಣ್ಣು ಹಿಂಡಿ. ಹುರಿಗಡಲೆ, ಶೇಂಗಾ, ಬೆಲ್ಲ, ಎಳ್ಳು, ಯಾವುದು ಕೈಗೆ ಸಿಕ್ಕಿದರೂ ಅವರಿಗೆ. ಅನ್ನದ ಜೊತೆಗೆ ಸಜ್ಜೆ ರೊಟ್ಟಿ ಮರಳಿ ಮನೆಗೆ ಬಂತು. ಎಲ್ಲರೂ ಎದ್ದ ಮೇಲೆ ನಾನು ಗಡಿಗೆ ಬಳಿದು ಎರಡು ತುತ್ತು ತಿಂದು ಚಹಾ ಕುಡಿಯುತ್ತಿದ್ದೆ, ಅಷ್ಟು ಕೆಲಸದ ನಡುವೆ ಅದೇ ಸುಖ ಅನ್ನಿಸುತ್ತಿತ್ತು. ಅತ್ತೆಗೆ ಮಾತ್ರ ಊಟದ ಆಸುಪಾಸು ಚಹಾ ಬಂದ್. ಜಗಳವೂ ಪಲ್ಯದಷ್ಟೇ ನಿತ್ಯದ ಅಡುಗೆಯಾಗಿತ್ತು. ನನ್ನ ಗಂಡ ಚಪ್ಪಲಿ ತಂದುಕೊಟ್ಟರು. ಕೆಸರಲ್ಲಿ ಕಳಚುತ್ತದೆ ಎಂದು ಅತ್ತೆ ಅದಕ್ಕೆ ಹಿಂದೊಂದು ಪಟ್ಟಿ ಹೊಲಿಸಿಕೊಂಡರು.

ಮೊದಲು ಹಸಿ ಅಕ್ಕಿಯ ಚಟ ಹೋಯಿತು. ತಾನಾಗಿಯೇ ಹೋಯಿತು, ಅದೇ ಆಶ್ಚರ್ಯ. ಆಮೇಲೆ ಜಳಕದ ಮನೆಯಿಂದ ಹಾಡು ಕೇಳತೊಡಗಿತು. ಆಮೇಲೆ ಅತ್ತೆ ಕಪ್ಪಾಗತೊಡಗಿದರು. ತುಟಿಗೆ ಬಣ್ಣ ಬಂತು, ಮುಖಕ್ಕೆ ಕುಷ್ಟಗಿಯ ಎರೆ ಮಣ್ಣಿನ ಹೊಳಪು ಬಂತು. ಓಣಿಯವರು ಮರುಗಿದರು: “ಅಯ್ಯ, ಎಷ್ಟ ಬೆಳ್ಳಗಿದ್ರಿ, ಯಾಕ ಹಿಂಗ ಕಪ್ಪಾದ್ರಿ? ಆರಾಮಿಲ್ಲೇನು?”

“ಆರಾಮ ಆಗೀನಿ ಅದಕ್ಕ ಕಪ್ಪಾಗೀನಿ,” ಎಂದು ಅತ್ತೆ ನಗುತ್ತಿದ್ದರು. ಎರಡನೇ ಸಲ ತಪಾಸಣೆಗೆ ಹೋದಾಗ ಆ ರಕ್ತ ಪರೀಕ್ಷೆಯವನು ನಳಿಕೆ ಕಿಟಕಿಗೆ ಹಿಡಿದು ಅವರನ್ನೇ ಕೇಳಿದ, “ಹೇಳ್ರಿ, ಎಲ್ಲಿ ನಿಲ್ಲಸ್ಲಿ?” ಅವರು ನಿಲ್ಲಿಸು ಎನ್ನುವಷ್ಟರಲ್ಲಿ ಗೆರೆ ಹತ್ತು ದಾಟಿತ್ತು. ಬಣ್ಣ ಕೂಡಿದ ಮೇಲೆ ಒಂದು ಹನಿಯನ್ನೂ ಅವರು ಪುಕ್ಕಟೆ ತೆಗೆದುಕೊಳ್ಳಲಿಲ್ಲ.

ಒಂದು ಮುಂಜಾನೆ ನಾನು ಒಲೆ ಹೊತ್ತಿಸುವಷ್ಟರಲ್ಲಿ ಮಲಾರದ ಗೂಟ ಖಾಲಿಯಾಗಿತ್ತು. ಮಾವನವರ ತಮ್ಮನ ಮಗ ಎರಡು ವಾರ ಸುತ್ತಿ, ಹೆಂಗಸರು ತನ್ನ ಕೈಗೆ ಕೈ ಕೊಡುವುದಿಲ್ಲವೆಂದು ಎಂದೋ ಕೈಬಿಟ್ಟಿದ್ದ. ಅತ್ತೆ ಮೊದಲು ಹೋದದ್ದು ಆನೆಗೊಂದಿಗೆ, ಬೇಕಂತಲೇ. ಬಂಡೆಗಳ ನಡುವಿನ ದಾರಿ, ಹರಿಗೋಲು ಹತ್ತಿ ಇಳಿಯುವುದು, ಬಾಳೆತೋಟದ ಕೆಸರು. ಸಂಜೆ ಬಂದಾಗ ಮೈ ಬೆವರಿತ್ತು, ಹೊಟ್ಟೆ ಹಸಿದಿತ್ತು, ಬಂದವರೇ ರೊಟ್ಟಿ ಕೇಳಿದರು.

ಸಿದ್ದಾಪುರಕ್ಕೂ ಹೋಗತೊಡಗಿದರು. ಗೌಡತಿಯ ಮನೆಯ ಮುಂದೆಯೇ ಹಾಯ್ದು ಬೇರೆ ಓಣಿಗೆ ಹೋಗುತ್ತಿದ್ದರು. ಒಳಗೆ ನೋಡುತ್ತಿರಲಿಲ್ಲ. ಆ ಮನೆಯ ಹಿಂದೆ ಉಪಕಾಲುವೆಯ ಮೇಲೆ ದಾಟಲು ಒಂದು ದಿಮ್ಮಿ ಹಾಕಿದ್ದರು. ಮಲಾರ ಹೊತ್ತು ಅದನ್ನು ದಾಟುವಾಗ ಹಿತ್ತಲಲ್ಲಿ ಕೆಲಸ ಮಾಡುವವರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರಂತೆ. ಸುತ್ತು ಹಾಕಿ ಹೋಗಲು ಒಳ್ಳೆಯ ರಸ್ತೆ ಇತ್ತು. ಇವರು ದಿಮ್ಮಿಯ ಮೇಲೆಯೇ ಹೋಗುತ್ತಿದ್ದರು.

ವರ್ಷ ತುಂಬಿತು. ಗೌಡತಿಯ ಮಗಳು ತುಂಬಿದ ಬಸುರಿಯಾಗಿ ತವರಿಗೆ ಬಂದಳು. ಕುಬಸದ ದಿನ ಬಸುರಿಗೆ ಹಸಿರು ಬಳೆ ಇಡಿಸಬೇಕು. ಮನೆಯ ಆಳು ಗಂಗಾವತಿಗೆ ಬಂದು ನಮ್ಮ ಬಾಗಿಲಲ್ಲಿ ನಿಂತು, “ಗೌಡಶ್ಯಾನಿ ನಿಮ್ಮನ್ನ ಕರದಾರ. ನೀವ ಬರಬೇಕಂತ,” ಅಂದ. ಅತ್ತೆ ಅಕ್ಕಿ ಆರಿಸುತ್ತಿದ್ದರು. “ಬರ್ತೀವಂತ ಹೇಳು,” ಅಂದರು. ಅವನು ಹೋದ ಮೇಲೆ ಮೊರದ ಅಕ್ಕಿಯನ್ನೆಲ್ಲ ಆರಿಸದೇ ಡಬ್ಬಿಗೆ ಸುರಿದುಬಿಟ್ಟರು. ಅದನ್ನು ನೋಡಿ ನನಗೆ ಅವರ ಎದೆ ಎಷ್ಟು ಹೊಡೆದುಕೊಳ್ಳುತ್ತಿದೆ ಎಂದು ತಿಳಿಯಿತು.

ಅದೇ ಐದು ಮೆಟ್ಟಿಲು. ಪಡಸಾಲೆಯಲ್ಲಿ ಅವೇ ಮುಖಗಳು. ಎಲ್ಲರ ಕಣ್ಣೂ ಅತ್ತೆಯ ಪಾದದ ಮೇಲೆ. ಬಿದ್ದರೆ ಹಿಡಿಯೋಣವೆಂದು ಅವರ ಹಿಂದೆ ಎರಡೂ ಕೈ ಚಾಚಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿದೆ.

ಮೂರನೇ ಮೆಟ್ಟಿಲಲ್ಲಿ ಅವರು ತಿರುಗದೆಯೇ ಹೇಳಿದರು: “ಕೈ ತೆಗಿ. ಬಳಿಗೆ ಬಡೀತಾವ.”

ಕೈ ತೆಗೆದೆ. ಅವರು ನಾಲ್ಕನೆಯದು ಹತ್ತಿದರು, ಐದನೆಯದು ಹತ್ತಿದರು, ಹೊಸ್ತಿಲಿಗೆ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಂಡು ಒಳಗೆ ಹೋದರು. ಬಸುರಿಯ ಕೈ ಎಳೆದುಕೊಂಡು, “ಗಂಡ ಕಾಗದಾ ಬರೀತಾನ, ಇಲ್ಲಾ ಅದನ್ನೂ ಅವರವ್ವ ಬರೀತಾಳ?” ಅಂದರು. ಹುಡುಗಿ ಕಿಲಕಿಲ ನಕ್ಕಳು, ಬಳೆ ಏರಿತು. ಅವಳಾದ ಮೇಲೆ ಒಬ್ಬೊಬ್ಬರಾಗಿ ಕೂತರು. ಮಧ್ಯಾಹ್ನದವರೆಗೆ ಅತ್ತೆ ಕೈಗೆ ಬಿಡುವು ಕೊಡಲಿಲ್ಲ. ಒಂದು ಬಳೆಗೂ ಏನೂ ಆಗಲಿಲ್ಲ.

ಕೊನೆಗೆ ಗೌಡತಿ ಬಂದು ಎದುರು ಕೂತಳು. ಕೈ ಕೊಟ್ಟಳು, ಆದರೆ ತಲೆ ಎತ್ತಲಿಲ್ಲ. “ಅವತ್ತ ನಾ ನಿಮ್ಮನ್ನ ಎತ್ತಲಿಲ್ಲ. ಬಳಿ ಆರಿಸಿದೆ,” ಅಂದಳು.

ಅತ್ತೆ ಅವಳ ಹೆಬ್ಬೆರಳ ಬುಡ ಒತ್ತುತ್ತಲೇ ಹೇಳಿದರು. “ನೀವ ಒಬ್ಬರ ಅಲ್ರಿ. ಬಿದ್ದಾಗೆಲ್ಲ ನಾನೂ ಮೊದಲ ಬಳೀನ ಆರಿಸ್ತಿದ್ದೆ.”

ನಾನು ಅಳಬಾರದು ಎಂದುಕೊಂಡೂ ಅತ್ತುಬಿಟ್ಟೆ. ಗೌಡತಿಯೂ ಅತ್ತಳು. ಅತ್ತೆ ಮಾತ್ರ ಅಳಲಿಲ್ಲ, ಬಳೆಯ ಅಳತೆ ನೋಡುತ್ತಿದ್ದರು.

ಊಟ ಮುಗಿಸಿ ಹೊರಟಾಗ ಬಸ್ಸಿಗೆ ಹೊತ್ತಾಗಿತ್ತು. ಅತ್ತೆ ಅರ್ಧ ಖಾಲಿಯಾದ ಮಲಾರ ಹೆಗಲಿಗೇರಿಸಿ ಬಿರಬಿರನೆ ನಡೆದರು. ಹಿಂದಿನ ವರ್ಷ ಮೂರು ಸಲ ಕೂತಿದ್ದ ಹಾದಿ ಅದು. ನನಗೆ ಹಿಗ್ಗೋ ಹಿಗ್ಗು. ಇದೆಲ್ಲ ನಾನು ಮಾಡಿದ್ದು, ನಾನು ಸುಳ್ಳು ಹೇಳಿದ್ದಕ್ಕೆ, ನಾನು ಜಗಳಾಡಿದ್ದಕ್ಕೆ ಈ ಹೆಂಗಸು ನಡೆಯುತ್ತಿದ್ದಾಳೆ ಎಂದು ಮನಸ್ಸಿನಲ್ಲೇ ಹೊಗಳಿಕೊಳ್ಳುತ್ತ ಹಿಂದೆ ಹೋದೆ. ಹೋಗುತ್ತ ಹೋಗುತ್ತ ಅವರು ಮುಂದಾದರು. ನಾನು ಓಡಿದೆ. ಮತ್ತೆ ಅವರು ಮುಂದಾದರು. ಕಾಲುವೆಯ ತಿರುವಿನಲ್ಲಿ ನನ್ನ ಕಣ್ಣಿಗೆ ಕತ್ತಲೆ ಬಂತು, ಮೈಲುಗಲ್ಲು ಹಿಡಿದು ನಿಂತುಬಿಟ್ಟೆ.

“ಯಾಕ ನಿಂತಿ?”

“ಏನಿಲ್ರಿ. ಸೀರಿ ನಿರಿಗಿ ಸರಿ ಮಾಡ್ಕೊಂತೀನಿ.”

ನಿರಿಗೆ ಸರಿಯಾಗಿಯೇ ಇತ್ತು. ಅತ್ತೆ ಅಷ್ಟು ದೂರದಿಂದ ತಿರುಗಿ ಬಂದರು. ನನ್ನ ಮುಖವನ್ನು ಹತ್ತಿರದಿಂದ ನೋಡಿದರು. ನನಗೆ ಇಪ್ಪತ್ಮೂರು ವರ್ಷ, ಅವರಿಗೆ ಐವತ್ತು ದಾಟಿ ಎಷ್ಟೋ.

“ಎಷ್ಟ ದಿನಾ ಆತು ಹಿಂಗ?” ಎಂದು ಕೇಳಿದರು.

ಸುಳ್ಳು ಹೇಳಲು ಬಾಯಿ ತೆಗೆದೆ. ಹೇಳುವುದಾಗಲಿಲ್ಲ. “ಮಳಿಗಾಲದಿಂದ್ರಿ,” ಅಂದೆ. ಅವರು ಇನ್ನೇನೂ ಕೇಳದೆ ನನ್ನನ್ನು ಮೈಲುಗಲ್ಲಿನ ಮೇಲೆ ಕೂರಿಸಿ, ತಾವು ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿ ಬರುತ್ತಿದ್ದ ಬಸ್ಸನ್ನು ಅಲ್ಲೇ ನಿಲ್ಲಿಸಿದರು. ಡ್ರೈವರ್ ಬೈದ. ಅವರು ಅವನಿಗಿಂತ ಜೋರಾಗಿ ಬೈದು, ನನ್ನ ರಟ್ಟೆ ಹಿಡಿದು ಮೇಲೆ ಹತ್ತಿಸಿದರು. ಮರುದಿನ ದವಾಖಾನೆಯಲ್ಲಿ ನನ್ನ ರಕ್ತವೂ ಕಡಿಮೆ ಇದೆ ಎಂದು ಗೊತ್ತಾಯಿತು. ಆ ಸಂಜೆ ಅತ್ತೆ ಗಂಡಸರ ಸಾಲಿನಲ್ಲಿ ತಮ್ಮ ತಾಟಿನ ಪಕ್ಕಕ್ಕೆ ಇನ್ನೊಂದು ತಾಟು ಇಟ್ಟು, ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿ ತಂದು ಕೂರಿಸಿದರು.